ಯಾವ ವಯಸ್ಸಿಗೆ ಯಾವ ಡ್ರ್ಯಾಗನ್?

ಡ್ರ್ಯಾಗನ್ ಕತೆ ಬೇಕೆಂದು ಮಗು ಕೇಳಿದರೆ ಅಂಗಡಿಯಲ್ಲಿ ಪುಸ್ತಕಗಳಿಗೆ ಬರವಿಲ್ಲ. ಕಷ್ಟ ಬರುವುದು ಆರಿಸುವಾಗ. ಮೂರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿ ಹೇಳುವ ಜೂಲಿಯಾ ಡೊನಾಲ್ಡ್‌ಸನ್ ಅವರ ‘ಝಾಗ್’ (2010) ಡ್ರ್ಯಾಗನ್ ಕತೆಯೇ. ಜೆ. ಆರ್. ಆರ್. ಟೋಲ್ಕಿನ್ ಅವರ ‘ದ ಹಾಬಿಟ್’ (1937) ಕೂಡ ಡ್ರ್ಯಾಗನ್ ಕತೆಯೇ. ದೊಡ್ಡವರಿಗೆಂದೇ ಬರೆದ, ಮುಚ್ಚುಮರೆಯಿಲ್ಲದ ಲೈಂಗಿಕ ಸನ್ನಿವೇಶಗಳಿರುವ ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ (2023) ಕೂಡ ಡ್ರ್ಯಾಗನ್ ಕತೆಯೇ. ರೆಕ್ಕೆ, ಬೆಂಕಿ, ಬಾಲ ಎಲ್ಲದರಲ್ಲೂ ಒಂದೇ. ಹೀಗಿರುವಾಗ ಹೆಚ್ಚಿನ ಹೆತ್ತವರು ಎರಡು ಅಳತೆಗೋಲುಗಳನ್ನು ನೆಚ್ಚುತ್ತಾರೆ: ಪುಸ್ತಕದ ಹಿಂಬದಿಯಲ್ಲಿ ಅಚ್ಚಾದ ವಯಸ್ಸು ಮತ್ತು ಮುಖಪುಟದ ಪ್ರಾಣಿ ಎಷ್ಟು ಭಯಂಕರವಾಗಿದೆ ಎಂಬುದು. ಇವೆರಡೂ ಸಾಲವು. ಡ್ರ್ಯಾಗನ್ ಎದುರಾದಾಗ ಕತೆ ತನ್ನ ನಾಯಕನಿಗೆ, ಅವನ ಜತೆಗೆ ಓದುವ ಮಗುವಿಗೆ, ಯಾವ ಕೆಲಸ ಒಪ್ಪಿಸುತ್ತದೆ ಎಂದು ನೋಡಬೇಕು. ಕೇವಲ ಹತ್ತಿರ ಹೋಗಿ ನೋಡುವ ಕೆಲಸವೋ, ಉಪಾಯ ಹೂಡುವ ಕೆಲಸವೋ, ತನ್ನವರ ಮಾತನ್ನೇ ಪ್ರಶ್ನಿಸುವ ಕೆಲಸವೋ, ಕೈಗೆ ಬಂದ ಶಕ್ತಿಯ ಬೆಲೆ ತೆರುವ ಕೆಲಸವೋ? ಪುಸ್ತಕದ ನಿಜವಾದ ವಯಸ್ಸು ಇರುವುದು ಈ ಪ್ರಶ್ನೆಯ ಉತ್ತರದಲ್ಲಿ.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಮಕ್ಕಳ ಭಯ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಅಮೆರಿಕದ ಸಿಂಥಿಯಾ ಹಾಫ್ನರ್ ಮತ್ತು ಜೋಆನ್ ಕ್ಯಾಂಟರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬ ಮುದುಕಿಯ ಪಾತ್ರವನ್ನು ಬೇರೆ ಬೇರೆ ಬಗೆಯಲ್ಲಿ ಮಕ್ಕಳಿಗೆ ತೋರಿಸಲಾಯಿತು. ಕೆಲವರಿಗೆ ಕಂಡದ್ದು ನೋಡಲು ಚೆಂದದವಳು, ಕೆಲವರಿಗೆ ವಿಕಾರ ರೂಪದವಳು; ಎರಡು ರೂಪಗಳಲ್ಲೂ ಅವಳ ನಡತೆ ಕೆಲವೆಡೆ ದಯೆಯದು, ಕೆಲವೆಡೆ ಕ್ರೌರ್ಯದ್ದು. 3ರಿಂದ 5 ವರ್ಷದ ಮಕ್ಕಳು ಅವಳನ್ನು ಮುಖ್ಯವಾಗಿ ರೂಪದಿಂದ ಅಳೆದರು. 9–10 ವರ್ಷದವರು ನಡತೆಯನ್ನು ನೋಡಿದರು. ಮರುವರ್ಷ ಕ್ಯಾಂಟರ್ ಮತ್ತು ಗ್ಲೆನ್ ಸ್ಪಾರ್ಕ್ಸ್ ಪ್ರಕಟಿಸಿದ ಇನ್ನೊಂದು ಅಧ್ಯಯನ ‘ದ ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯನ್ನು ಕುರಿತದ್ದು. ಸಾಮಾನ್ಯ ಮನುಷ್ಯ ಹಸಿರು ದೈತ್ಯನಾಗಿ ಬದಲಾಗುವ ಗಳಿಗೆಯಲ್ಲಿ ಶಾಲೆಗೆ ಸೇರದ ಪುಟ್ಟ ಮಕ್ಕಳು ಹೆಚ್ಚು ಹೆದರಿದರು, ಆ ದೈತ್ಯ ಬಂದದ್ದು ಕಷ್ಟದಲ್ಲಿದ್ದವರನ್ನು ಕಾಪಾಡಲು ಎಂಬುದು ಕತೆಯಲ್ಲಿ ಸ್ಪಷ್ಟವಿದ್ದರೂ. ದೊಡ್ಡ ಮಕ್ಕಳಿಗೆ ಅದೇ ಗಳಿಗೆ ನೆಮ್ಮದಿ ತಂದಿತು. ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಖಾಲಿ ಡಬ್ಬದೊಳಗೆ ಒಂದು ಪ್ರಾಣಿ ಇದೆಯೆಂದು ಕಲ್ಪಿಸಿಕೊಳ್ಳಲು ಪುಟ್ಟ ಮಕ್ಕಳಿಗೆ ಹೇಳಲಾಯಿತು. ಅದು ಬರಿಯ ಕಲ್ಪನೆ ಎಂದು ಮಕ್ಕಳು ಒಪ್ಪಿದ್ದರು. ಆದರೂ ಆಮೇಲೆ ಹಲವರು ಒಳಗೆ ನಿಜವಾಗಿಯೂ ಏನಾದರೂ ಇದ್ದೀತೇ ಎಂದು ಅನುಮಾನಪಟ್ಟರು.

ಡ್ರ್ಯಾಗನ್ ಕತೆ ಆರಿಸುವವರಿಗೆ ಈ ಮೂರು ಅಧ್ಯಯನಗಳಿಂದ ನೇರವಾದ ಸೂಚನೆಗಳು ಸಿಗುತ್ತವೆ. ನಾಲ್ಕು ವರ್ಷದ ಮಗುವಿಗೆ ಚಿತ್ರವೇ ಅರ್ಧ ಕತೆ. ಮನಸ್ಸು ಒಳ್ಳೆಯದು, ಮುಖ ಮಾತ್ರ ಕರಾಳ ಎಂಬಂಥ ಡ್ರ್ಯಾಗನ್ ಆ ವಯಸ್ಸಿಗೆ ಕೆಟ್ಟ ಡ್ರ್ಯಾಗನ್ನೇ. ‘ಅದೆಲ್ಲ ಸುಳ್ಳು ಕಣೋ, ಹೆದರಬೇಡ’ ಎಂಬ ಸಮಾಧಾನವೂ ಅಲ್ಲಿ ಹೆಚ್ಚು ನಾಟುವುದಿಲ್ಲ. ಪಕ್ಕದಲ್ಲಿ ಕೂತವರ ಮೈ ಬಿಸುಪು, ಪುಟ ಮಗುಚುವ ಅಧಿಕಾರ ತನ್ನ ಕೈಯಲ್ಲೇ ಇದೆ ಎಂಬ ಧೈರ್ಯ, ಇವು ನಾಟುತ್ತವೆ. ಅದೇ ಹತ್ತು ವರ್ಷದ ಮಗುವಿಗೆ ಮುಖಪುಟದ ಕೋರೆಹಲ್ಲು ಒಂದು ಆಕರ್ಷಣೆ. ಆ ಮಗುವನ್ನು ಕಾಡುವುದು ನಂಬಿದವರ ದ್ರೋಹ, ಪ್ರೀತಿಯ ಪಾತ್ರದ ಸಾವು, ಅನ್ಯಾಯ. ಆದ್ದರಿಂದ ಮುದ್ದಾದ ಡ್ರ್ಯಾಗನ್ ಚಿಕ್ಕವರಿಗೆ, ಭಯಂಕರ ಡ್ರ್ಯಾಗನ್ ದೊಡ್ಡವರಿಗೆ ಎಂಬ ಲೆಕ್ಕ ಮೂರು–ನಾಲ್ಕು ವರ್ಷದವರ ಮಟ್ಟಿಗೆ ಮಾತ್ರ ಹೊಂದುತ್ತದೆ. ಅಲ್ಲಿಂದ ಮುಂದೆ ಮುಖಪುಟವನ್ನು ಬಿಟ್ಟು ಕತೆಯೊಳಗೆ ಹೋಗಲೇಬೇಕು.

ಮೊದಲ ಹಂತವನ್ನು ನೋಡೋಣ. ಮೂರರಿಂದ ಐದು ವರ್ಷದ ಮಗುವಿಗೆ ಒಪ್ಪುವ ಕೆಲಸ ಹತ್ತಿರ ಹೋಗುವುದು ಮತ್ತು ಗುರುತಿಸುವುದು. ‘ಝಾಗ್’ ಕತೆಯ ಡ್ರ್ಯಾಗನ್ ಶಾಲೆಗೆ ಹೋಗುವ ಪುಟಾಣಿ. ಹಾರಲು, ಗರ್ಜಿಸಲು, ಬೆಂಕಿ ಉಗುಳಲು ಕಲಿಯುತ್ತಾ ಪ್ರತಿಸಲವೂ ಪೆಟ್ಟು ಮಾಡಿಕೊಳ್ಳುತ್ತದೆ. ಪರ್ಲ್ ಎಂಬ ಹುಡುಗಿ ಬಂದು ಪಟ್ಟಿ ಕಟ್ಟುತ್ತಾಳೆ, ಗಂಟಲು ನೋವಿಗೆ ಪೆಪ್ಪರ್‌ಮಿಂಟ್ ಕೊಡುತ್ತಾಳೆ. ಅವಳು ರಾಜಕುಮಾರಿ, ಆದರೆ ಆಗಬೇಕೆಂದಿರುವುದು ವೈದ್ಯೆ. ಇಲ್ಲಿ ಮಗು ಡ್ರ್ಯಾಗನ್ನನ್ನು ಸೋಲಿಸಬೇಕಿಲ್ಲ. ಅದಕ್ಕೂ ನೋವಾಗುತ್ತದೆ, ಅದೂ ತನ್ನಂತೆಯೇ ಕಲಿಯುತ್ತಿದೆ ಎಂದು ಕಂಡರೆ ಸಾಕು. ಆಕ್ಸೆಲ್ ಶೆಫ್ಲರ್ ಬರೆದ ಗುಂಡುಗಣ್ಣಿನ ಚಿತ್ರಗಳು ಆ ಕೆಲಸವನ್ನು ಹಗುರ ಮಾಡುತ್ತವೆ. ಜ್ಯಾಕ್ ಕೆಂಟ್ ಅವರ ‘ದೇರ್ಸ್ ನೋ ಸಚ್ ಥಿಂಗ್ ಆ್ಯಸ್ ಎ ಡ್ರ್ಯಾಗನ್’ (1975) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಿಲ್ಲಿ ಎಂಬ ಹುಡುಗನ ಕೋಣೆಯಲ್ಲಿ ಬೆಕ್ಕಿನ ಮರಿಯಷ್ಟು ದೊಡ್ಡ ಡ್ರ್ಯಾಗನ್ ಕಾಣಿಸಿಕೊಳ್ಳುತ್ತದೆ. ಅಂಥದ್ದು ಇರುವುದೇ ಇಲ್ಲ ಎಂದು ತಾಯಿ ಹೇಳಿದಷ್ಟೂ ಅದು ಬೆಳೆಯುತ್ತದೆ, ಮನೆಯನ್ನೇ ಹೊತ್ತುಕೊಂಡು ಓಡುತ್ತದೆ. ಅದು ಇದೆ ಎಂದು ಒಪ್ಪಿ ತಲೆ ಸವರಿದ ಮೇಲೆ ಕುಗ್ಗುತ್ತದೆ. ಭಯವನ್ನು ಇಲ್ಲವೆನ್ನುವುದಕ್ಕಿಂತ ಗುರುತಿಸುವುದು ಒಳ್ಳೆಯದೆಂಬ ಮಾತನ್ನು ಒಂದೂ ಉಪದೇಶವಿಲ್ಲದೆ ಈ ಪುಸ್ತಕ ಮಗುವಿಗೆ ತಲುಪಿಸುತ್ತದೆ, ಓದಿ ಹೇಳುವ ದೊಡ್ಡವರಿಗೂ.

ಆರರಿಂದ ಎಂಟರ ಹೊತ್ತಿಗೆ ಮಗುವಿಗೆ ತನ್ನ ಬುದ್ಧಿಯ ಮೇಲೆ ಹೆಮ್ಮೆ ಮೂಡಿರುತ್ತದೆ. ಈಗ ಅದಕ್ಕೆ ಉಪಾಯದ ಕೆಲಸ ಬೇಕು. ರೂತ್ ಸ್ಟೈಲ್ಸ್ ಗ್ಯಾನೆಟ್ ಅವರ ‘ಮೈ ಫಾದರ್ಸ್ ಡ್ರ್ಯಾಗನ್’ (1948) ಈ ವಯಸ್ಸಿಗೆ ಹೇಳಿ ಮಾಡಿಸಿದಂತಿದೆ. ಕಾಡುದ್ವೀಪದ ಪ್ರಾಣಿಗಳು ಒಂದು ಮರಿ ಡ್ರ್ಯಾಗನ್ನನ್ನು ಕಟ್ಟಿಹಾಕಿ ನದಿ ದಾಟಲು ದುಡಿಸಿಕೊಳ್ಳುತ್ತಿವೆ. ಅದನ್ನು ಬಿಡಿಸಲು ಹೊರಟ ಎಲ್ಮರ್ ಎಂಬ ಹುಡುಗನ ಚೀಲದಲ್ಲಿ ಕತ್ತಿಯಿಲ್ಲ. ಚ್ಯೂಯಿಂಗ್ ಗಮ್, ಲಾಲಿಪಾಪ್, ಬಾಚಣಿಗೆ, ರಿಬ್ಬನ್, ಹಲ್ಲುಜ್ಜುವ ಬ್ರಷ್ ಇವೆ. ಹುಲಿ, ಸಿಂಹ, ಘೇಂಡಾಮೃಗ, ಮೊಸಳೆ ಒಂದೊಂದನ್ನೂ ಅವನು ಇವುಗಳಿಂದಲೇ ನಿಭಾಯಿಸುತ್ತಾನೆ. ಇಲ್ಲಿ ಅಪಾಯ ನಿಜ, ಆದರೆ ಒಂದು ಅಧ್ಯಾಯದಲ್ಲಿ ಎದುರಾದ ಅಪಾಯ ಅದೇ ಅಧ್ಯಾಯದಲ್ಲಿ ಬಗೆಹರಿಯುತ್ತದೆ. ಮಗು ಮಲಗುವ ಮುನ್ನ ಒಂದು ನಿಲುಗಡೆ ಸಿಗುತ್ತದೆ. ರಾಬರ್ಟ್ ಮನ್ಶ್ ಅವರ ‘ದ ಪೇಪರ್ ಬ್ಯಾಗ್ ಪ್ರಿನ್ಸೆಸ್’ (1980) ಕತೆಯಲ್ಲಿ ರಾಜಕುಮಾರಿ ಎಲಿಜಬೆತ್ ಡ್ರ್ಯಾಗನ್ನನ್ನು ಹೊಗಳಿ ಹೊಗಳಿಯೇ ಸುಸ್ತು ಮಾಡಿ ಮಲಗಿಸುತ್ತಾಳೆ. ಡ್ರ್ಯಾಗನ್ನಿನಿಂದ ಅವಳು ಬಿಡಿಸಿದ ರಾಜಕುಮಾರ ಅವಳು ತೊಟ್ಟ ಕೊಳಕು ಕಾಗದದ ಚೀಲವನ್ನು ಮೂದಲಿಸಿದಾಗ ಅವನನ್ನೂ ಬಿಟ್ಟು ನಡೆಯುತ್ತಾಳೆ. ಕೆನೆತ್ ಗ್ರಹಾಮ್ 1898ರಲ್ಲಿ ಪ್ರಕಟಿಸಿದ ‘ದ ರಿಲಕ್ಟಂಟ್ ಡ್ರ್ಯಾಗನ್’ ಕತೆಯ ಹುಡುಗನದು ಇನ್ನೂ ಸೂಕ್ಷ್ಮ ಉಪಾಯ. ಕವಿತೆ ಕಟ್ಟುವ, ಕಾದಾಡಲು ಮನಸ್ಸಿಲ್ಲದ ಡ್ರ್ಯಾಗನ್, ಹೋರಾಟ ನೋಡಲೇಬೇಕೆನ್ನುವ ಊರಿನವರು, ಕರ್ತವ್ಯಕ್ಕೆ ಬಂದ ಸಂತ ಜಾರ್ಜ್, ಈ ಮೂವರ ನಡುವೆ ಅವನು ಸಂಧಾನ ಮಾಡುತ್ತಾನೆ. ಅದರ ಇಂಗ್ಲಿಷ್ ಹಳೆಯದು, ವಾಕ್ಯಗಳು ಉದ್ದ. ಮಗುವಿನ ಕೈಗೆ ಕೊಡುವುದಕ್ಕಿಂತ ಓದಿ ಹೇಳುವುದೇ ಲೇಸು.

ಒಂಬತ್ತರಿಂದ ಹನ್ನೆರಡರ ಮಕ್ಕಳು ಡ್ರ್ಯಾಗನ್ ಕತೆಗಳ ದೊಡ್ಡ ಓದುಗರು. ಇದು ನ್ಯಾಯ–ಅನ್ಯಾಯಗಳ ಬಗ್ಗೆ ಮನಸ್ಸು ಕುದಿಯುವ ವಯಸ್ಸು. ತನ್ನ ಗುಂಪು ಹೇಳುವುದು ಸರಿಯೇ ಎಂದು ಕೇಳುವ ಕೆಲಸವನ್ನು ಇವರಿಗೆ ಕೊಡಬಹುದು. ಕ್ರೆಸಿಡಾ ಕೋವೆಲ್ ಅವರ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ (2003) ಸರಣಿಯ ಹಿಕಪ್, ಬಲವೇ ಎಲ್ಲ ಎನ್ನುವ ವೈಕಿಂಗ್ ಬುಡಕಟ್ಟಿನಲ್ಲಿ ಹುಟ್ಟಿದ ಬಡಕಲು ಹುಡುಗ. ಕಿರುಚಿ ಪಳಗಿಸಬೇಕೆಂಬ ಕುಲದ ನಿಯಮ ಅವನ ಕೈಲಾಗುವುದಿಲ್ಲ. ಅವನು ಡ್ರ್ಯಾಗನ್‌ಗಳ ಭಾಷೆಯಲ್ಲೇ ಮಾತಾಡುತ್ತಾನೆ. 2010ರ ಸಿನಿಮಾ ನೋಡಿದವರು ಗಮನಿಸಬೇಕಾದದ್ದೆಂದರೆ ಪುಸ್ತಕದಲ್ಲಿ ಹಿಕಪ್‌ನ ಡ್ರ್ಯಾಗನ್ ಟೂತ್‌ಲೆಸ್ ಚಿಕ್ಕದು, ಹಟಮಾರಿ. ಸಿನಿಮಾದ ದೊಡ್ಡ ಕರಿ ಡ್ರ್ಯಾಗನ್ ಅಲ್ಲಿಲ್ಲ. ಸಿನಿಮಾ ನೋಡಿ ಪುಸ್ತಕದ ವಯಸ್ಸು ಹೇಳಲಾಗದು ಎಂಬುದಕ್ಕೆ ಇದೊಂದು ಉದಾಹರಣೆ ಸಾಕು. ಗ್ರೇಸ್ ಲಿನ್ ಅವರ ‘ವೇರ್ ದ ಮೌಂಟನ್ ಮೀಟ್ಸ್ ದ ಮೂನ್’ (2009) ಚೀನೀ ಜನಪದ ಕತೆಗಳನ್ನು ಹೆಣೆದು ಮಾಡಿದ ಕಾದಂಬರಿ. ಬಡ ಮನೆಯ ಹುಡುಗಿ ಮಿನ್ಲಿ ತನ್ನವರ ಅದೃಷ್ಟ ಬದಲಿಸುವ ದಾರಿ ಕೇಳಲು ಹೊರಡುತ್ತಾಳೆ, ಹಾರಲಾರದ ಡ್ರ್ಯಾಗನ್ ಜತೆಯಾಗುತ್ತದೆ. ಕೊನೆಗೆ ಕೇಳಲು ಸಿಗುವುದು ಒಂದೇ ಪ್ರಶ್ನೆ. ಅವಳು ತನ್ನದನ್ನು ಬಿಟ್ಟು ಗೆಳೆಯನದನ್ನು ಕೇಳುತ್ತಾಳೆ. ಟುಯಿ ಸದರ್ಲೆಂಡ್ ಅವರ ‘ವಿಂಗ್ಸ್ ಆಫ್ ಫೈರ್’ (2012ರಿಂದ) ಸರಣಿಯಲ್ಲಿ ಡ್ರ್ಯಾಗನ್‌ಗಳೇ ನಾಯಕರು. ಯುದ್ಧ ನಿಲ್ಲಿಸುವವರು ನೀವೇ ಎಂಬ ಭವಿಷ್ಯವಾಣಿ ಹೇರಿ ಬೆಳೆಸಿದ ಐದು ಮರಿಗಳು ಸಾಕಿದವರನ್ನೇ ಪ್ರಶ್ನಿಸುತ್ತವೆ. ಇದರಲ್ಲಿ ರಕ್ತಪಾತ ಸಾಕಷ್ಟಿದೆ. ಗ್ರಾಫಿಕ್ ಕಾದಂಬರಿ ರೂಪದಲ್ಲಿ ಅದು ಕಣ್ಣಿಗೇ ಕಾಣುವುದರಿಂದ, ಮೃದು ಮನಸ್ಸಿನ ಎಂಟು ವರ್ಷದ ಮಗುವಿಗೆ ಇನ್ನೆರಡು ವರ್ಷ ಕಾಯುವುದೇ ಒಳ್ಳೆಯದು.

ಇದೇ ಹಂತದ ಕೊನೆಗೆ ‘ದ ಹಾಬಿಟ್’ ಬರಬೇಕು. ಅದರ ಸ್ಮಾಗ್ ಎಂಬ ಡ್ರ್ಯಾಗನ್ ಬೆಂಕಿಗಿಂತ ಮಾತಿನಿಂದ ಹೆಚ್ಚು ಅಪಾಯಕಾರಿ. ಸಂಗಡಿಗರ ಮೇಲೆ ಕತೆಯ ನಾಯಕ ಬಿಲ್ಬೊ ಇಟ್ಟ ನಂಬಿಕೆಯನ್ನು ಒಂದೆರಡು ಮಾತುಗಳಿಂದಲೇ ಅಲುಗಾಡಿಸುತ್ತದೆ. ಡ್ರ್ಯಾಗನ್ನನ್ನು ಕೊಲ್ಲುವವನು ಬಿಲ್ಬೊ ಅಲ್ಲ. ಅದು ಸತ್ತಮೇಲೆ ಕತೆ ಮುಗಿಯುವುದೂ ಇಲ್ಲ. ಅದು ಕಾಯುತ್ತಿದ್ದ ನಿಧಿಗಾಗಿ ಒಳ್ಳೆಯವರೇ ಪರಸ್ಪರ ಕತ್ತಿ ಹಿರಿಯುತ್ತಾರೆ. ಡ್ರ್ಯಾಗನ್ ಸತ್ತರೂ ಡ್ರ್ಯಾಗನ್ನಿನ ದುರಾಸೆ ಉಳಿಯಿತು ಎಂದು ಗ್ರಹಿಸುವ ಮಗು ಹದಿಹರೆಯದ ಪುಸ್ತಕಗಳಿಗೆ ಸಿದ್ಧವಾಗಿದೆ ಎಂದೇ ಅರ್ಥ.

ಹದಿಮೂರರ ನಂತರದ ಒಳ್ಳೆಯ ಕತೆಗಳಲ್ಲಿ ಡ್ರ್ಯಾಗನ್ ಎದುರಿಗೂ ಇರುತ್ತದೆ, ನಾಯಕನ ಒಳಗೂ ಇರುತ್ತದೆ. ಉರ್ಸುಲಾ ಲಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968) ಕಾದಂಬರಿಯ ಗೆಡ್ ತನ್ನ ಅಹಂಕಾರದಿಂದ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟವನು, ಅದು ಅವನನ್ನು ಬೆನ್ನಟ್ಟುತ್ತಿದೆ. ಪೆಂಡೋರ್ ದ್ವೀಪದ ಮುದಿ ಡ್ರ್ಯಾಗನ್, ಆ ನೆರಳಿನ ಹೆಸರು ಹೇಳಿಕೊಡುತ್ತೇನೆ ಎಂದು ಆಸೆ ತೋರಿಸುತ್ತದೆ. ಹೆಸರು ತಿಳಿದರೆ ಗೆಡ್ ಉಳಿಯಬಹುದು. ಅವನು ಅದನ್ನು ಬಿಟ್ಟುಕೊಟ್ಟು, ದ್ವೀಪವಾಸಿಗಳ ಮೇಲೆ ಎಂದೂ ಎರಗುವುದಿಲ್ಲ ಎಂಬ ಆಣೆ ಪಡೆಯುತ್ತಾನೆ. ಹದಿನಾಲ್ಕರ ಓದುಗರಿಗೆ ಇದು ತಕ್ಕ ಕೆಲಸ: ತನ್ನ ಉಳಿವು ಮತ್ತು ತನ್ನನ್ನು ನಂಬಿದವರ ಉಳಿವು, ಎರಡರ ನಡುವೆ ಆಯ್ಕೆ. ರಾಬಿನ್ ಮೆಕಿನ್ಲಿ ಅವರ ‘ದ ಹೀರೋ ಆ್ಯಂಡ್ ದ ಕ್ರೌನ್’ (1984) ಗೆಲುವಿನ ಬೆಲೆಯನ್ನು ತೋರಿಸುತ್ತದೆ. ಅದರ ನಾಯಕಿ ಏರಿನ್ ಬೆಂಕಿ ತಡೆಯುವ ಲೇಪವನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಹಿಡಿದವಳು. ಮಾರ್ ಎಂಬ ಮಹಾ ಡ್ರ್ಯಾಗನ್ನನ್ನು ಕೊಲ್ಲುವಾಗ ಮೈಯೆಲ್ಲ ಸುಟ್ಟುಕೊಳ್ಳುತ್ತಾಳೆ, ಆಮೇಲೆ ಅದರ ತಲೆಯನ್ನು ಅರಮನೆಗೆ ತಂದಿಟ್ಟದ್ದರಿಂದಲೇ ಊರಿಗೆ ಹತಾಶೆ ಕವಿಯುತ್ತದೆ. ಗೆದ್ದಮೇಲೂ ಮನಸ್ಸು ಕುಗ್ಗಬಹುದೆಂದು ಹದಿಹರೆಯದವರಿಗೆ ಇಷ್ಟು ಪ್ರಾಮಾಣಿಕವಾಗಿ ಹೇಳುವ ಪುಸ್ತಕಗಳು ಕಡಿಮೆ. ರೇಚಲ್ ಹಾರ್ಟ್‌ಮನ್ ಅವರ ‘ಸೆರಫೀನಾ’ (2012) ಡ್ರ್ಯಾಗನ್ ತಾಯಿಗೂ ಮನುಷ್ಯ ತಂದೆಗೂ ಹುಟ್ಟಿದವಳ ಕತೆ. ತನ್ನ ಹುಟ್ಟನ್ನು ಮುಚ್ಚಿಟ್ಟು ಬದುಕುವ ಕಷ್ಟ ಅಲ್ಲಿದೆ. ಎರಡು ಲೋಕಗಳ ನಡುವೆ ಸಿಕ್ಕ ಭಾವನೆಯಿಂದ ನರಳುವ ಎಷ್ಟೋ ಹುಡುಗ ಹುಡುಗಿಯರಿಗೆ ಅದು ದೂರದ ಕತೆಯಾಗಿ ಕಾಣುವುದಿಲ್ಲ. ಕ್ರಿಸ್ಟಫರ್ ಪಾವೊಲಿನಿ ಹದಿಹರೆಯದಲ್ಲೇ ಬರೆಯಲಾರಂಭಿಸಿದ ‘ಎರಗಾನ್’ ಕಲೆಗಾರಿಕೆಯಲ್ಲಿ ಇವುಗಳ ಮಟ್ಟಕ್ಕೆ ಏರುವುದಿಲ್ಲ. ಆದರೂ ತಾವೂ ಬರೆಯಬಹುದೆಂಬ ಧೈರ್ಯವನ್ನು ಹದಿನೈದರವರಿಗೆ ಕೊಡುತ್ತದೆ, ಅದೂ ಸಣ್ಣ ಲಾಭವಲ್ಲ.

ಇಲ್ಲಿಂದಾಚೆ ಒಂದು ಗೆರೆ ಎಳೆಯಲೇಬೇಕು. ಜಾರ್ಜ್ ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ (1996) ಮತ್ತು ಅದರ ಟಿವಿ ಸರಣಿ ಡ್ರ್ಯಾಗನ್‌ಗಳಿರುವ ಮಾತ್ರಕ್ಕೆ ಮಕ್ಕಳ ಕತೆಗಳಾಗುವುದಿಲ್ಲ. ಅಲ್ಲಿನ ಲೈಂಗಿಕ ಹಿಂಸೆ ದೊಡ್ಡವರ ಓದಿಗೆ ಸೇರಿದ್ದು. ‘ಫೋರ್ತ್ ವಿಂಗ್’ ಪಾತ್ರಗಳು ಕಾಲೇಜಿನಲ್ಲಿ ಕಲಿಯುವ ವಯಸ್ಸಿನವರಾದ್ದರಿಂದ ಅದನ್ನು ಹದಿಹರೆಯದವರ ಪುಸ್ತಕವೆಂದು ತಿಳಿದು ಕೊಳ್ಳುವವರಿದ್ದಾರೆ. ಪಾತ್ರಗಳ ವಯಸ್ಸೇ ಓದುಗರ ವಯಸ್ಸಾಗಬೇಕಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮಕ್ಕಳನ್ನು ಹೆದರಿಸುವ ಕತೆಗಳೇ ಯಾಕೆ ಬೇಕು ಎಂಬುದು ಮೊದಲನೆಯದು. ಇದಕ್ಕೆ ಜಿ. ಕೆ. ಚೆಸ್ಟರ್ಟನ್ 1909ರ ಸುಮಾರಿಗೇ ಉತ್ತರ ಕೊಟ್ಟಿದ್ದರು: ಡ್ರ್ಯಾಗನ್ ಮಗುವಿನ ಕಲ್ಪನೆಯಲ್ಲಿ ಮೊದಲೇ ಇರುತ್ತದೆ, ಕತೆ ಒದಗಿಸುವುದು ಅದನ್ನು ಸೋಲಿಸುವವನನ್ನು. ಈ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಆದರೆ ಅದನ್ನು ಎಲ್ಲ ಕತೆಗೂ ಪರವಾನಗಿಯಂತೆ ಬಳಸಬಾರದು. ನಾಲ್ಕು ವರ್ಷದ ಮಗುವಿಗೆ ಡ್ರ್ಯಾಗನ್ನನ್ನು ಕೊಟ್ಟು ಅದನ್ನು ಎದುರಿಸುವ ದಾರಿ ಕೊಡದ ಕತೆ ಭಯವನ್ನಷ್ಟೇ ಬಿಟ್ಟುಹೋಗುತ್ತದೆ. ಆದ್ದರಿಂದಲೇ ಕೆಲಸದ ಪ್ರಶ್ನೆ ಮುಖ್ಯ. ಭಯದ ಪ್ರಮಾಣ ಹೆಚ್ಚಿರಲಿ ಕಡಿಮೆಯಿರಲಿ, ಅದನ್ನು ನಿಭಾಯಿಸಲು ಆ ವಯಸ್ಸಿನ ಕೈಗೆ ಎಟಕುವ ಒಂದು ಸಾಧನ ಕತೆಯೊಳಗೇ ಇರಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಓದಿಗೆ ವಯಸ್ಸಿನ ಬೇಲಿ ಹಾಕಬಾರದು, ಮಗುವೇ ಆರಿಸಲಿ. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಮಕ್ಕಳ ಪುಸ್ತಕಗಳ ಮೇಲೆ ವಯಸ್ಸು ಮುದ್ರಿಸಲು ಹೊರಟಾಗ ಫಿಲಿಪ್ ಪುಲ್‌ಮನ್ ಮುಂದಾಳತ್ವದಲ್ಲಿ ಲೇಖಕರು ದೊಡ್ಡ ಪ್ರಮಾಣದಲ್ಲಿ ವಿರೋಧಿಸಿದರು. ನಿಧಾನವಾಗಿ ಓದುವ ಹುಡುಗನ ಕೈಯಲ್ಲಿ ತನಗಿಂತ ಚಿಕ್ಕವರ ಅಂಕಿಯಿರುವ ಪುಸ್ತಕ ಕಂಡರೆ ಅವನು ನಾಚಿ ಓದನ್ನೇ ಬಿಡಬಹುದು ಎಂಬುದು ಅವರ ಕಾಳಜಿಗಳಲ್ಲೊಂದು. ಅದು ಸರಿ. ‘ದ ಹಾಬಿಟ್’ ಹಸ್ತಪ್ರತಿಯನ್ನು 1936ರಲ್ಲಿ ಓದಿ ಅಭಿಪ್ರಾಯ ಬರೆದವನು ಪ್ರಕಾಶಕರ ಹತ್ತು ವರ್ಷದ ಮಗ ರೇನರ್ ಅನ್ವಿನ್. ಅದು ಐದರಿಂದ ಒಂಬತ್ತು ವರ್ಷದವರಿಗೆ ಹಿಡಿಸುತ್ತದೆ ಎಂದು ಅವನು ತೀರ್ಪು ಕೊಟ್ಟ. ಅಂದಿನಿಂದ ದೊಡ್ಡವರೂ ಸೇರಿ ಎಷ್ಟೋ ವಯಸ್ಸಿನವರು ಅದನ್ನು ಓದಿದ್ದಾರೆ. ಪುಸ್ತಕದ ಮೇಲೆ ಅಚ್ಚಾದ ಅಂಕಿ ಇಂಥ ಓದುಗರನ್ನು ಹೊರಗಿಡುತ್ತದೆ. ಆದರೆ ಅಂಕಿ ಬೇಡ ಎಂದರೆ ತಿಳಿವಳಿಕೆಯೂ ಬೇಡ ಎಂದಲ್ಲ. ನಾನಿಲ್ಲಿ ಹೇಳಿದ ವಯಸ್ಸುಗಳು ದಾರಿ ತೋರಿಸಲು ಮಾತ್ರ. ಒಂದೇ ಮನೆಯ ಇಬ್ಬರು ಮಕ್ಕಳಲ್ಲೇ ಎರಡು ಮೂರು ವರ್ಷಗಳ ವ್ಯತ್ಯಾಸವಿರಬಹುದು. ಆರಿಸುವ ಹಕ್ಕು ಮಗುವಿಗೆ ಇರಲಿ, ಒಳ್ಳೆಯ ಪುಸ್ತಕಗಳು ಅದರ ಕೈಗೆ ಸಿಗುವಂತೆ ಇಡುವ ಹೊಣೆ ನಮಗೆ ಇರಲಿ.

ನಮ್ಮಲ್ಲೇ ಕತೆಗಳಿರುವಾಗ ಪರದೇಶದ ಡ್ರ್ಯಾಗನ್ ಯಾಕೆ ಎಂದು ಕೇಳುವವರೂ ಇದ್ದಾರೆ. ನಮ್ಮ ಕತೆಗಳನ್ನು ಖಂಡಿತ ಹೇಳಬೇಕು, ಅದೇ ಅಳತೆಗೋಲು ಹಿಡಿದು. ನೀರನ್ನು ತಡೆದು ಮಲಗಿದ್ದ ವೃತ್ರನನ್ನು ಇಂದ್ರ ಕೊಂದು ನದಿಗಳನ್ನು ಬಿಡಿಸಿದ ಋಗ್ವೇದದ ಕತೆ ಲೋಕದ ಹಳೆಯ ಡ್ರ್ಯಾಗನ್ ಕತೆಗಳ ಸಾಲಿಗೇ ಸೇರುತ್ತದೆ. ಕಾಳಿಂಗ ಮರ್ದನದಲ್ಲಿ ಬಾಲಕ ಕೃಷ್ಣ ಸರ್ಪವನ್ನು ಕೊಲ್ಲುವುದಿಲ್ಲ. ಅದರ ಹೆಂಡಿರ ಮೊರೆ ಕೇಳಿ ಮಡುವಿನಿಂದ ಆಚೆ ಕಳಿಸುತ್ತಾನೆ. ಆರು ವರ್ಷದ ಮಗುವಿಗೆ ಇದಕ್ಕಿಂತ ಒಪ್ಪುವ ಮುಕ್ತಾಯ ಬೇಕೇ? ಜನಮೇಜಯನ ಸರ್ಪಯಾಗ ಹಾಗಲ್ಲ. ತಂದೆಯ ಸಾವಿಗೆ ಸೇಡಾಗಿ ಒಂದು ಕುಲವನ್ನೇ ಬೆಂಕಿಗೆ ಹಾಕುವ ಅರಸ, ಅದನ್ನು ನಿಲ್ಲಿಸುವ ಆಸ್ತಿಕ; ಆ ಆಸ್ತಿಕನ ತಾಯಿ ನಾಗಕುಲದವಳು. ಅದನ್ನು ಹನ್ನೆರಡು ದಾಟಿದವರೊಂದಿಗೆ ಕೂತು ಚರ್ಚಿಸಬೇಕು. ಒಮ್ಮೆ ಆಸ್ತಿಕನನ್ನು ಬಲ್ಲ ಹುಡುಗಿ ಸೆರಫೀನಾಳನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾಳೆ, ಸೆರಫೀನಾಳನ್ನು ಓದಿದವಳು ಆಸ್ತಿಕನ ಬಳಿಗೆ ಹೊಸ ಪ್ರಶ್ನೆಗಳೊಂದಿಗೆ ಬರುತ್ತಾಳೆ. ಒಂದು ಕತೆ ಇನ್ನೊಂದರ ಜಾಗ ಕಸಿಯುವುದಿಲ್ಲ.

ಕನ್ನಡದ ಮನೆಗಳಲ್ಲಿ ಇನ್ನೊಂದು ತೊಡಕಿದೆ, ಅದನ್ನು ತೇಲಿಸಿಬಿಡಬಾರದು. ಮೇಲೆ ಹೇಳಿದ ಕಾದಂಬರಿಗಳೆಲ್ಲ ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದುವ ಹದಿಮೂರರ ಹುಡುಗನ ಇಂಗ್ಲಿಷ್ ಅವನ ಮನಸ್ಸಿಗಿಂತ ಹಿಂದೆ ಇರಬಹುದು. ಭಾಷೆ ಸುಲಭವೆಂದು ಅವನಿಗೆ ಐದು ವರ್ಷದವರ ಚಿತ್ರಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ, ಕತೆ ತೂಕದ್ದೆಂದು ಲಗ್ವಿನ್ ಕೊಟ್ಟರೆ ಭಾಷೆ ಬಾಗಿಲು ಮುಚ್ಚುತ್ತದೆ. ಇಂಥ ಕಡೆ ಗ್ರಾಫಿಕ್ ಕಾದಂಬರಿ ನೆರವಿಗೆ ಬರುತ್ತದೆ, ಮಾತು ಕಡಿಮೆ, ಕತೆ ಅವನ ವಯಸ್ಸಿನದೇ. ಶಿಕ್ಷಕರು ಅಥವಾ ಅಕ್ಕ, ಅಣ್ಣಂದಿರು ಪುಟ ತಿರುವುತ್ತಾ ಕನ್ನಡದಲ್ಲಿ ಕತೆ ಹೇಳುತ್ತಾ ಹೋಗುವುದು ಇನ್ನೂ ಒಳ್ಳೆಯದು. ಹಾಗೆ ಹೇಳುವವರಿಗೆ ಮಗುವಿನ ಮುಖ ಕಾಣುತ್ತಿರುತ್ತದೆ, ಎಲ್ಲಿ ನಿಲ್ಲಿಸಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ. ನಮ್ಮ ಪ್ರಕಾಶಕರು ಈ ಪುಸ್ತಕಗಳಲ್ಲಿ ಕೆಲವನ್ನಾದರೂ ಒಳ್ಳೆಯ ಕನ್ನಡಕ್ಕೆ ತರಬೇಕು, ಹದಿಹರೆಯದವರಿಗಾಗಿ ನಾಗಲೋಕದ ಹೊಸ ಕಾದಂಬರಿಗಳನ್ನು ಬರೆಸಬೇಕು. ಶಿಶುಗೀತೆಗಳಿಗೂ ದೊಡ್ಡವರ ಕಾದಂಬರಿಗಳಿಗೂ ನಡುವಿನ ಆ ಜಾಗ ನಮ್ಮಲ್ಲಿ ಇನ್ನೂ ತುಂಬಬೇಕಾಗಿದೆ.

ಹಾಗಾದರೆ ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ಡ್ರ್ಯಾಗನ್ ಮೊದಲ ಸಲ ಎದುರಾಗುವ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ನಿಂತಲ್ಲೇ ಓದಿ. ಮೊದಲನೆಯದರಲ್ಲಿ ಮಗುವಿನ ವಯಸ್ಸಿಗೆ ಯಾವ ಕೆಲಸ ಸಿಕ್ಕಿದೆ, ಕೊನೆಯದರಲ್ಲಿ ಆ ಕೆಲಸಕ್ಕೆ ಯಾವ ಫಲ ಬಂದಿದೆ ಎಂದು ನೋಡಿ. ಈಗ ಮಾಡಬಲ್ಲ ಕೆಲಸಕ್ಕಿಂತ ಒಂದು ಮೆಟ್ಟಿಲು ಮೇಲಿನದಾಗಿದ್ದರೆ ಕೊಳ್ಳಿ, ಮೂರು ಮೆಟ್ಟಿಲು ಮೇಲಿದ್ದರೆ ಮುಂದಿನ ವರ್ಷಕ್ಕೆ ಎತ್ತಿಡಿ. ಮಗು ನಡುವೆ ಪುಸ್ತಕ ಮುಚ್ಚಿಟ್ಟರೆ ಬಲವಂತ ಮಾಡಬೇಡಿ. ನಿಲ್ಲಿಸಲು ಬಿಟ್ಟರೆ ಅದು ಮತ್ತೆ ಆ ಪುಸ್ತಕಕ್ಕೆ ಬರುವ ಸಾಧ್ಯತೆ ಹೆಚ್ಚು. ಮಕ್ಕಳು ಎದುರಿಸಬೇಕಾದ ಭಯಗಳನ್ನು ನಾವು ತೆಗೆದುಹಾಕಲಾರೆವು. ಆದರೆ ಅವುಗಳ ಎದುರು ಮೊದಲು ಗುರುತಿಸುವುದನ್ನು, ಆಮೇಲೆ ಉಪಾಯ ಹೂಡುವುದನ್ನು, ಆಮೇಲೆ ಪ್ರಶ್ನಿಸುವುದನ್ನು, ಕೊನೆಗೆ ತನ್ನ ಶಕ್ತಿಗೆ ತಾನೇ ಹೊಣೆಯಾಗುವುದನ್ನು ಕ್ರಮವಾಗಿ ಕಲಿಸುವ ಕತೆಗಳನ್ನು ಸರಿಯಾದ ಹೊತ್ತಿಗೆ ಅವರ ಕೈಗೆ ಕೊಡಬಲ್ಲೆವು. ಆ ಪುಸ್ತಕವನ್ನು ಮೊದಲು ತಾವು ತೆರೆದು ನೋಡುವಷ್ಟು ಸಮಯವನ್ನು ಪ್ರತಿ ತಂದೆತಾಯಿಯೂ ಪ್ರತಿ ಶಿಕ್ಷಕರೂ ಕೊಡಲೇಬೇಕು.